ನಿಮಗಿದು ಗೊತ್ತೆ? ಆಟದ ಕಂಬಳಿಹುಳವೇ ಬಂಕರ್!

ಇಸ್ರೇಲಿನ ಸ್ದೆರೋತ್ ಪಟ್ಟಣದ ಮಕ್ಕಳ ಪಾರ್ಕಿನಲ್ಲಿ ಬಣ್ಣಬಣ್ಣದ ದೈತ್ಯ ಕಂಬಳಿಹುಳಗಳಿವೆ. ಮಕ್ಕಳು ಅವುಗಳ ಹೊಟ್ಟೆಯೊಳಗೆ ನುಸುಳಿ ಆಡುತ್ತಾರೆ. ನಿಜದಲ್ಲಿ ಅವು ದಪ್ಪ ಕಾಂಕ್ರೀಟಿನ ಬಾಂಬ್ ಆಶ್ರಯತಾಣಗಳು!

ಗಾಜಾ ಗಡಿ ಇಲ್ಲಿಂದ ತೀರಾ ಹತ್ತಿರ. ಅಲ್ಲಿಂದ ರಾಕೆಟ್ ಹಾರಿ ಸೈರನ್ ಮೊಳಗಿದರೆ ಅಡಗಿಕೊಳ್ಳಲು ಸಿಗುವುದು ಸುಮಾರು 15 ಸೆಕೆಂಡು ಮಾತ್ರ. ಜಾರುಬಂಡೆಯ ಮೇಲಿರುವ ಪುಟ್ಟ ಮಗು ಅಷ್ಟರಲ್ಲಿ ಮನೆ ತಲುಪುವುದು ಅಸಾಧ್ಯ. ಅದಕ್ಕೇ ಆಟದ ಜಾಗದಲ್ಲೇ ಆಸರೆ. ಗಾಜಾದ ಸಶಸ್ತ್ರ ಸಂಘಟನೆ ಹಮಾಸ್‌ನ ಕಸಾಮ್ ರಾಕೆಟ್‌ಗಳು ಈ ಪಟ್ಟಣದ ಮೇಲೆ ಬೀಳತೊಡಗಿದ್ದು 2001ರಲ್ಲಿ. ಈಗ ಬಸ್ ತಂಗುದಾಣಗಳಿಗೂ ಕಾಂಕ್ರೀಟ್ ಕವಚವಿದೆ. 2013ರಲ್ಲಿ ಆರಂಭವಾದ ರೈಲು ನಿಲ್ದಾಣವನ್ನು ಕಟ್ಟಿದ್ದೇ ರಾಕೆಟ್ ತಡೆಯುವಂತೆ.

ಗಡಿಯಾಚೆಯ ಗಾಜಾದ ಮಕ್ಕಳಿಗೆ ಇಷ್ಟೂ ಇಲ್ಲ ಎಂಬುದು ಇನ್ನೂ ಸಂಕಟದ ಸಂಗತಿ. ಅಲ್ಲಿ ಜನರಿಗಾಗಿ ಕಟ್ಟಿದ ಸಾರ್ವಜನಿಕ ಬಂಕರ್‌ಗಳಿಲ್ಲ, ಎಚ್ಚರಿಸುವ ಸೈರನ್ ವ್ಯವಸ್ಥೆಯೂ ಇಲ್ಲ. ಇಸ್ರೇಲಿನ ವಿಮಾನ ದಾಳಿ ಶುರುವಾದರೆ ಕುಟುಂಬಗಳು ವಿಶ್ವಸಂಸ್ಥೆಯ ಶಾಲೆಗಳಿಗೆ ಓಡುತ್ತವೆ. 2014ರ ಯುದ್ಧದಲ್ಲಿ ಅಂಥ ಶಾಲೆಗಳ ಮೇಲೂ ಶೆಲ್‌ಗಳು ಬಿದ್ದು, ಆಶ್ರಯ ಪಡೆದವರೇ ಸತ್ತರು.