ಶಹಾಪುರದ ಬಂಡೆಗಳ ದಾರಿ ಹಿಡಿದು

ಯಾದಗಿರಿ ಜಿಲ್ಲೆಯ ವಡಗೇರಾ ಬಿಟ್ಟಾಗ ಸುತ್ತ ಬರೀ ಬಯಲು. ಎರೆಹೊಲ, ಹತ್ತಿ, ತೊಗರಿ. ಒಂದು ಮಗ್ಗುಲಿಗೆ ಭೀಮೆ, ಇನ್ನೊಂದಕ್ಕೆ ಕೃಷ್ಣೆ. ಈ ಬಿಸಿಲುನಾಡಿನಲ್ಲಿ ನೋಡೋದೇನಿದೆ ಅಂತ ಮೂಗು ಮುರಿಯುವವರು ಶಹಾಪುರ ಹತ್ತಿರವಾಗುವತನಕ ತಾಳಬೇಕು. ಅಲ್ಲಿ ಒಮ್ಮೆಲೇ ಬಂಡೆ! ಬಂಡೆಯ ಮೇಲೆ ಬಂಡೆ, ಅದರ ನೆತ್ತಿಯಲ್ಲಿ ಈಗಲೋ ಆಗಲೋ ಉರುಳುವಂತೆ ಕೂತ ಗುಂಡು. ಯಾರೂ ಪೇರಿಸಿಟ್ಟದ್ದಲ್ಲ. ನೆಲದೊಳಗೆ ಸೀಳುಬಿಟ್ಟ ಗ್ರಾನೈಟಿನ ಮೂಲೆಗಳನ್ನು ನೀರು ಯುಗಗಟ್ಟಲೆ ಸವೆಸಿತು, ಸುತ್ತಲಿನ ಮಣ್ಣು ಕೊಚ್ಚಿಹೋಯಿತು, ಗಟ್ಟಿ ತಿರುಳು ಉಳಿಯಿತು. ದೂರದಿಂದ ನೋಡಿದರೆ ಗುಡ್ಡಸಾಲೇ ಅಂಗಾತ ಮಲಗಿದೆ: ಹಣೆ, ಮೂಗು, ಗದ್ದ, ಎದೆ. ಊರವರಿಗೆ ಅದು ‘ಮಲಗಿದ ಬುದ್ಧ’. ಸ್ವಲ್ಪ ಮುಂದೆ ಹೋದರೆ ಸಾಕು, ಮುಖ ಮಾಯವಾಗಿ ಮತ್ತೆ ಬರೀ ಕಲ್ಲು!

ಶಹಾಪುರದಿಂದ ಕೆಲವೇ ಕಿ.ಮೀ. ದೂರದ ವಿಭೂತಿಹಳ್ಳಿಯಲ್ಲಿ ಮಾತ್ರ ಬಂಡೆಗಳನ್ನು ಮನುಷ್ಯರೇ ಇಟ್ಟಿದ್ದಾರೆ. ಬೃಹತ್ ಶಿಲಾಯುಗದವರು ಗುಂಡುಗಳನ್ನು ಹೊರಳಿಸಿ ತಂದು, ಚದುರಂಗದ ಮನೆಗಳ ಹಾಗೆ ಸಾಲು ಹಿಡಿದು ಕೂರಿಸಿದ್ದಾರೆ. ನಡುವೆ ನಿಂತು ನೋಡಿ: ನೇರ ನೋಡಿದರೂ ಸಾಲು, ಓರೆಯಾಗಿ ನೋಡಿದರೂ ಸಾಲು! 19ನೇ ಶತಮಾನದಲ್ಲೇ ಇದನ್ನು ಬರೆದಿಟ್ಟವನು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಅಯನ, ವಿಷುವಗಳ ದಿನ ಸೂರ್ಯ ಹುಟ್ಟಿ ಮುಳುಗುವ ದಿಕ್ಕಿಗೆ ಈ ಸಾಲುಗಳು ಹೊಂದುತ್ತವೆ ಎಂಬುದು ಖಗೋಳವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರ ವಾದ. ಹೊಲದ ನಡುವೆ ಕಲ್ಲಿನ ಪಂಚಾಂಗ! ಇಂಥದ್ದನ್ನು ನೋಡಲು ಇಂಗ್ಲೆಂಡಿನ ಸ್ಟೋನ್‌ಹೆಂಜ್‌ಗೆ ಟಿಕೆಟ್ ಕೊಂಡು ಹೋಗುತ್ತಾರೆ; ಇಲ್ಲಿ ಕುರಿ ಮೇಯುತ್ತವೆ.

ಮುಂದೆ ಸಿಗುವ ಸುರಪುರ ಬೆಟ್ಟಗಳ ಬೋಗುಣಿಯೊಳಗಿನ ಊರು. ಮೇಲೆ ಅದೇ ಟೇಲರ್ ಕಟ್ಟಿಸಿಕೊಂಡ ಬಂಗಲೆ, ‘ಮಂಜಿಲ್’. ಅವನನ್ನು ‘ಅಪ್ಪಾ’ ಎನ್ನುತ್ತ ಬೆಳೆದ ಹುಡುಗ, ದೊರೆ ವೆಂಕಟಪ್ಪ ನಾಯಕ. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದವನೂ ಅವನೇ.

ಇಷ್ಟಕ್ಕೇ ಬೆರಗಾದವರು ಹುಣಸಗಿ ಕಡೆ ತಿರುಗಲೇಬೇಕು. ಅಲ್ಲಿಗೆ ಹತ್ತಿರದ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಗೆ ಅಗೆದು ತೆಗೆದದ್ದು ಅರಮನೆಯಲ್ಲ, ಗುಡಿಯಲ್ಲ, ಒಂದು ಕಾರ್ಖಾನೆ! ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ, ಬೇರೆ ಗಟ್ಟಿ ಕಲ್ಲಿನ ಸುತ್ತಿಗೆಯಿಂದ ಅಂಚು ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗ. ಕೆಡಿಸಿ ಬಿಟ್ಟ ತುಣುಕು, ಅರ್ಧಕ್ಕೆ ನಿಂತ ಕೊಡಲಿ, ಚಕ್ಕೆಗಳ ರಾಶಿ ಎಲ್ಲವೂ ಬಿದ್ದಲ್ಲೇ ಸಿಕ್ಕವು. ಒಂದೊಂದು ಏಟೂ ಕಲ್ಲಿನಲ್ಲಿ ತಗ್ಗಾಗಿ ಉಳಿದಿದೆ. ಯಾವ ಏಟು ಮೊದಲು, ಯಾವುದು ಆಮೇಲೆ ಅಂತ ಇಂದಿಗೂ ಹೇಳಬಹುದು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ! ನಮ್ಮ ಜಾತಿಯ ಮನುಷ್ಯ ಭೂಮಿಗೆ ಬರುವುದಕ್ಕೂ ಎಷ್ಟೋ ಮೊದಲು, ಈ ಕಣಿವೆಯಲ್ಲಿ ಯಾರೋ ಕೂತು ಕಲ್ಲು ಆರಿಸಿ, ತಿರುವಿ ನೋಡಿ, ಎಲ್ಲಿ ಹೊಡೆಯಬೇಕೆಂದು ಲೆಕ್ಕ ಹಾಕಿದ್ದರು.

ಹೊರಡುವವರು ಬೇಸಿಗೆಯಲ್ಲಿ ಮಾತ್ರ ಬೇಡ. ಬಂಡೆ ಕಾದರೆ ಕಾಲಿಡಲಾಗದು. ಚಳಿಗಾಲದ ಅಯನ ಬೀಳುವ ಡಿಸೆಂಬರ್ 21ರ ಆಸುಪಾಸಿಗೆ ಹೋಗಿ, ವಿಭೂತಿಹಳ್ಳಿಯ ಸಾಲುಗಳ ನಡುವೆ ಸೂರ್ಯ ಹುಟ್ಟುವ ಮೊದಲೇ ನಿಂತುಕೊಳ್ಳಿ. ಕಾಮೇಶ್ವರ ರಾವ್ ಅವರ ಲೆಕ್ಕವನ್ನು ನೀವೇ ತಾಳೆ ನೋಡಬಹುದು.