ಹಳೆಯ ಕೊನ್ಯಾಕ್: ವಯಸ್ಸು ಪೀಪಾಯಿಯದು, ಬಾಟಲಿಯದಲ್ಲ



ಹಳೆಯ ಅಕ್ಕಿ, ಹಳೆಯ ಹುಣಸೆಹಣ್ಣು, ಭರಣಿಯಲ್ಲಿ ವರ್ಷ ಕಳೆದ ಮಿಡಿ ಉಪ್ಪಿನಕಾಯಿ - ಹಳತಾದಷ್ಟೂ ರುಚಿ ಎನ್ನುವುದು ನಮ್ಮ ಮನೆಗಳ ನಂಬಿಕೆ. ಅದೇ ಲೆಕ್ಕದಲ್ಲಿ ಮುಲುಂಡ್, ಡೊಂಬಿವಲಿಯ ಕೆಲವು ಮನೆಗಳ ಶೋಕೇಸಿನಲ್ಲಿ, ಗಲ್ಫಿನ ನೆಂಟರು ಎಂದೋ ತಂದುಕೊಟ್ಟ ಕೊನ್ಯಾಕ್ ಬಾಟಲಿ "ಇನ್ನಷ್ಟು ಹಳತಾಗಲಿ" ಎಂದು ಕೂತಿರುತ್ತದೆ. ಕಾದು ಪ್ರಯೋಜನವಿಲ್ಲ!

ಕೊನ್ಯಾಕ್ ಎಂದರೆ ಫ್ರಾನ್ಸಿನ ಕೊನ್ಯಾಕ್ ಪಟ್ಟಣದ ಸುತ್ತಲಿನ ಸೀಮೆಯಲ್ಲಿ ಮಾತ್ರ ತಯಾರಾಗುವ ಬ್ರಾಂಡಿ. ಬಿಳಿ ದ್ರಾಕ್ಷಿಯ ಹುಳಿ ವೈನನ್ನು ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಆಗ ಅದು ನೀರಿನಂತೆ ತಿಳಿ. ಬಣ್ಣ, ಪರಿಮಳ, ಮೃದುತನ ಬರುವುದು ಆಮೇಲೆ, ಓಕ್ ಮರದ ಪೀಪಾಯಿಯಲ್ಲಿ. ಮರ ತನ್ನ ಸಾರ ಬಿಡುತ್ತದೆ, ಅದರ ಸೂಕ್ಷ್ಮ ರಂಧ್ರಗಳಿಂದ ಗಾಳಿಯಾಡುತ್ತದೆ. ಗಾಜಿನ ಬಾಟಲಿಗೆ ಇಳಿದ ದಿನ ಈ ಮಾಗುವಿಕೆ ನಿಂತಿತು. 10 ವರ್ಷ ಪೀಪಾಯಿಯಲ್ಲಿದ್ದು 1980ರಲ್ಲಿ ಬಾಟಲಿಗೆ ಬಂದದ್ದು ಇಂದಿಗೂ 10 ವರ್ಷದ್ದೇ.

ಲೇಬಲ್ ಓದುವುದು ಹೇಗೆ?

ಹೆಚ್ಚಿನ ಕೊನ್ಯಾಕ್‌ಗಳು ಹಲವು ವರ್ಷಗಳ ಮಿಶ್ರಣ. ಅದರಲ್ಲಿ ಅತಿ ಎಳೆಯದರ ವಯಸ್ಸನ್ನು ಅಕ್ಷರಗಳು ಹೇಳುತ್ತವೆ: ವಿ.ಎಸ್. ಎಂದರೆ ಕನಿಷ್ಠ 2 ವರ್ಷ, ವಿ.ಎಸ್.ಒ.ಪಿ. 4 ವರ್ಷ. ಎಕ್ಸ್.ಒ.ಗೆ ಮೊದಲು 6 ವರ್ಷ ಸಾಕಿತ್ತು, 2018ರಿಂದ 10 ಬೇಕು. ಒಂದೇ ವರ್ಷದ ಬೆಳೆಯಿಂದ ಬಂದದ್ದು 'ವಿಂಟೇಜ್', ಅದು ಅಪರೂಪ. ಅಲ್ಲಿ ಬೆಳೆಯ ವರ್ಷದ ಜೊತೆಗೆ, ಪೀಪಾಯಿಯಲ್ಲಿ ಎಷ್ಟು ಕಾಲ ಇತ್ತು ಎಂಬುದನ್ನೂ ಕೇಳಬೇಕು.

ಬೆಲೆ ಯಾಕೆ ಅಷ್ಟು?

ಪೀಪಾಯಿಯಿಂದ ಪ್ರತಿವರ್ಷ ಸುಮಾರು 2 ಶೇಕಡಾ ಆವಿಯಾಗಿ ಹೋಗುತ್ತದೆ. ಇದಕ್ಕೆ 'ದೇವತೆಗಳ ಪಾಲು' ಎಂದು ಹೆಸರು. ನಮ್ಮ ಬೆಂಗಳೂರಿನ ಹವೆಯಲ್ಲಿ ದೇವತೆಗಳಿಗೆ ಬಾಯಾರಿಕೆ ಜಾಸ್ತಿ! ಅಲ್ಲಿನ ಅಮೃತ್ ಡಿಸ್ಟಿಲರೀಸ್‌ನ ವಿಸ್ಕಿ ಪೀಪಾಯಿಗಳಲ್ಲಿ ವರ್ಷಕ್ಕೆ 10-12 ಶೇಕಡಾ ನಷ್ಟ. ಅವರು 2013ರಲ್ಲಿ ತಂದ 8 ವರ್ಷದ ವಿಸ್ಕಿಗೆ 'ಗ್ರೀಡಿ ಏಂಜಲ್ಸ್' ಎಂದೇ ಹೆಸರಿಟ್ಟರು. ಇಂಥ ಸೆಕೆಯಲ್ಲಿ 50 ವರ್ಷ ಇಟ್ಟರೆ ಪೀಪಾಯಿಯೇ ಬರಿದು. ಫ್ರಾನ್ಸಿನಲ್ಲೂ ಬಹಳ ಹಳೆಯದನ್ನು ಮರದಿಂದ ತೆಗೆದು ದೊಡ್ಡ ಗಾಜಿನ ಬುರುಡೆಗಳಿಗೆ ತುಂಬಿಡುತ್ತಾರೆ. ಆ ನೆಲಮಾಳಿಗೆಯನ್ನು 'ಸ್ವರ್ಗ' ಎಂದೇ ಕರೆಯುತ್ತಾರೆ. 2020ರಲ್ಲಿ ಸೋದಬೀಸ್ ಹರಾಜಿನಲ್ಲಿ 1762ರ ಗೋಟಿಯೆ ಕೊನ್ಯಾಕ್‌ನ ಒಂದು ಬಾಟಲಿ 1,18,580 ಪೌಂಡಿಗೆ ಹೋಯಿತು.

ಸವಿಯುವುದು ಹೇಗೆ?

ಬಾಯಿ ಕಿರಿದಾದ ಸಣ್ಣ ಗ್ಲಾಸಿನಲ್ಲಿ 20-30 ಮಿ.ಲೀ. ಸಾಕು. ಐಸು, ಸೋಡಾ ಬೇಡ. ಕೆಲವು ನಿಮಿಷ ಹಾಗೇ ಬಿಡಿ. ಮೂಗನ್ನು ಒಮ್ಮೆಲೇ ಗ್ಲಾಸಿಗೆ ಹಾಕಿದರೆ ಆಲ್ಕೊಹಾಲಿನ ಘಾಟು ಮಾತ್ರ ಸಿಗುತ್ತದೆ, ಗದ್ದದ ಮಟ್ಟದಿಂದ ನಿಧಾನವಾಗಿ ಮೇಲೆ ತನ್ನಿ. ಒಂದು ಗುಟುಕಿಗಿಂತಲೂ ಕಡಿಮೆ ತೆಗೆದುಕೊಂಡು ನಾಲಿಗೆ ಮೇಲೆ ನಿಲ್ಲಿಸಿ. ಎಳೆಯದರಲ್ಲಿ ಹಣ್ಣು, ಹೂವಿನ ವಾಸನೆ. ದಶಕಗಳು ಕಳೆದದ್ದರಲ್ಲಿ ಅಕ್ರೋಟು, ಒಣದ್ರಾಕ್ಷಿ, ಅಣಬೆ, ಹಳೆಯ ಮರದ ಪೆಟ್ಟಿಗೆ ತೆರೆದಂಥ ವಾಸನೆ. ಇದನ್ನು 'ರಾನ್ಸಿಯೊ' ಎನ್ನುತ್ತಾರೆ. ನುಂಗಿದ ಮೇಲೂ ಬಹಳ ಹೊತ್ತು ರುಚಿ ಉಳಿದರೆ, ಅದು ಒಳ್ಳೆಯ ಕೊನ್ಯಾಕಿನ ಗುರುತು.

ನೆನಪಿಡಿ

ವೈನಿನಂತೆ ಮಲಗಿಸಬೇಡಿ, ಬಾಟಲಿ ನಿಂತೇ ಇರಲಿ. ಇಲ್ಲವಾದರೆ ಕಾರ್ಕ್ ಕೆಡುತ್ತದೆ. ಬಿಸಿಲು ತಾಗದಿರಲಿ. ತೆರೆದ ಮೇಲೆ ಕೆಲವು ತಿಂಗಳಲ್ಲಿ ಮುಗಿಸುವುದು ಒಳ್ಳೆಯದು. ಮಹಾರಾಷ್ಟ್ರದಲ್ಲಿ ಇಂಥ ಮದ್ಯಕ್ಕೆ 25 ವರ್ಷ ತುಂಬಿರಬೇಕು, ಪರ್ಮಿಟ್ಟೂ ಬೇಕು.

ಕೊನೆಯದಾಗಿ, ಶೀತವಾದರೆ ಮಕ್ಕಳಿಗೆ "ಒಂದು ಚಮಚ ಬ್ರಾಂಡಿ" ಕೊಡುವ ಹಳೆಯ ರೂಢಿ. ಇದು ಖಂಡಿತ ಬೇಡ. ಬ್ರಾಂಡಿ ಕುಡಿದಾಗ ಮೈ ಬೆಚ್ಚಗಾದಂತೆ ಅನಿಸುವುದು ಚರ್ಮದ ರಕ್ತನಾಳಗಳು ಅಗಲವಾಗುವುದರಿಂದ, ನಿಜಕ್ಕೂ ದೇಹ ಶಾಖ ಕಳೆದುಕೊಳ್ಳುತ್ತದೆ. ಎಳೆಯ ಮಕ್ಕಳಿಗೆ ಸ್ವಲ್ಪ ಆಲ್ಕೊಹಾಲೂ ಅಪಾಯ. ಎಷ್ಟು ಹಳೆಯದಾದರೂ, ಎಷ್ಟು ದುಬಾರಿಯಾದರೂ ಕೊನ್ಯಾಕ್ ಔಷಧಿಯಲ್ಲ.