ಕಾಯಿಪಲ್ಯದ ಮಡಿಗಳಲ್ಲಿ ಇಕ್ಕಳದ ಹುಳು

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಕೋಸು, ಟೊಮ್ಯಾಟೊ, ಬದನೆ ಮುಂತಾದವುಗಳ ಸಸಿಗಳನ್ನು ನಾಟಿಮಾಡಿದ ಕೆಲವೇ ದಿನಗಳಲ್ಲಿ ಅವು ಬುಡ ಕಡಿದು ಮಡಿಯಲ್ಲಿ ಬಿದ್ದಿರುವುದುಂಟು. ಆಗ ಹೆಂಟೆಯನ್ನೆತ್ತಿ ನೋಡಿದವರಿಗೆ, ಬಾಲದ ತುದಿಯಲ್ಲಿ ಇಕ್ಕಳವುಳ್ಳ, ಅರ್ಧ ಮುಕ್ಕಾಲು ಅಂಗುಲ ಉದ್ದದ ಕಂದುಬಣ್ಣದ ಹುಳುವೊಂದು ಸರಸರನೆ ಓಡುವುದು ಕಾಣುತ್ತದೆ. ದೋಷವೆಲ್ಲವೂ ಅದರ ಮೇಲೆ ಬೀಳುತ್ತದೆ. ಕೂಡಲೇ ವಿಷದ ಡಬ್ಬಿಯನ್ನು ತೆರೆಯುವವರೂ ಉಂಟು.

ವಾಸ್ತವದಲ್ಲಿ ಸಸಿಯನ್ನು ಬುಡದಲ್ಲಿ ಕಡಿಯುವುದು ಸಾಮಾನ್ಯವಾಗಿ ಬೇರೊಂದು ಹುಳುವಿನ ಕೆಲಸ. ಅದು ಮಣ್ಣುಬಣ್ಣದ, ದಪ್ಪನೆಯ, ಮುಟ್ಟಿದೊಡನೆ ಸುರುಳಿ ಸುತ್ತಿಕೊಳ್ಳುವ ಮರಿಹುಳು. ಹಗಲೆಲ್ಲ ಸಸಿಯ ಪಕ್ಕದಲ್ಲಿಯೇ 1-2 ಅಂಗುಲ ಆಳದಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತದೆ. ಇಕ್ಕಳದ ಹುಳುವೂ ನಿಶಾಚರಿಯೇ. ಆದರೆ ಅದರ ಆಹಾರ ಮಿಶ್ರವಾದುದು. ಕೊಳೆತ ಎಲೆಯನ್ನೂ ಎಳೆಯ ಚಿಗುರನ್ನೂ ತಿನ್ನುವಂತೆಯೇ ಸಸ್ಯಹೇನುಗಳನ್ನೂ ಪತಂಗದ ಮೊಟ್ಟೆಗಳನ್ನೂ ತಿನ್ನುತ್ತದೆ. ಅದು ನಿಜವಾಗಿ ಅಪರಾಧಿಯಾಗುವುದು ಕಡಲೆಕಾಯಿಯ ಹೊಲದಲ್ಲಿ. ನೆಲದೊಳಗೆ ಬಲಿಯುತ್ತಿರುವ ಕಾಯನ್ನು ಕೊರೆದು ಬೀಜವನ್ನು ತಿನ್ನುವ ಜಾತಿ ದಕ್ಷಿಣ ಭಾರತದಲ್ಲಿದೆ. ಆಂಗ್ಲರು ಇದಕ್ಕೆ ಕಿವಿಯ ಹೆಸರನ್ನೇ ಇಟ್ಟಿರುವರಾದರೂ ನಿದ್ರಿಸುವವರ ಕಿವಿಯನ್ನು ಹೊಕ್ಕು ಕೊರೆಯುವುದೆಂಬ ನಂಬಿಕೆಗೆ ಆಧಾರವಿಲ್ಲ.

ಆದಕಾರಣ ಔಷಧಕ್ಕೆ ಹಣ ತೆರುವ ಮುನ್ನ ರಾತ್ರಿ 8-9 ಗಂಟೆಯ ವೇಳೆಗೆ ದೀಪ ಹಿಡಿದು ಮಡಿಗಳನ್ನು ನೋಡತಕ್ಕದ್ದು. ಮರಿಹುಳುವೇ ಕಂಡರೆ, ಕಡಿದ ಸಸಿಯ ಬುಡವನ್ನು ಬೆಳಗ್ಗೆ ಕೆದಕಿ ಆರಿಸಿ ಕೊಲ್ಲಬಹುದು. ಸಂಜೆ ಸಾಲುಗಳ ನಡುವೆ ಹಸಿಕಳೆಯ ಸಣ್ಣ ಗುಡ್ಡೆಗಳನ್ನಿಟ್ಟರೆ ಅವುಗಳ ಕೆಳಗೂ ಬಂದು ಸೇರುತ್ತವೆ. ನಾಟಿಗೆ ಮೊದಲು ನೆಲವನ್ನು ಆಳವಾಗಿ ಉತ್ತರೆ ಮಣ್ಣಿನಲ್ಲಿರುವ ಕೋಶಗಳು ಹಕ್ಕಿಗಳ ಪಾಲಾಗುವುವು. ಇಕ್ಕಳದ ಹುಳುವೇ ವಿಪರೀತವಾಗಿದ್ದಲ್ಲಿ ಒದ್ದೆ ಗೋಣಿಯ ಸುರುಳಿಗಳನ್ನೋ ಅಡಿಯುದ್ದದ ಬಿದಿರಿನ ತುಂಡುಗಳನ್ನೋ ಸಂಜೆ ಇಟ್ಟು, ಬೆಳಗ್ಗೆ ಸಾಬೂನು ಬೆರೆಸಿದ ನೀರಿಗೆ ಕೊಡವಬೇಕು. ಕೋಳಿಗಳಿರುವ ಮನೆಯವರಿಗೆ ಸಾಬೂನೂ ಬೇಡ.

ವಿಷದ ವಿಚಾರದಲ್ಲಿ ಗ್ರಾಮದ ಮುಖಂಡರು ವಿಶೇಷ ಎಚ್ಚರ ವಹಿಸುವುದು ಅವಶ್ಯ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಣ ಸೀಮೆಯು ರೇಷ್ಮೆಯದು. ಕಾಯಿಪಲ್ಯದ ಮಡಿಗೂ ಹಿಪ್ಪುನೇರಳೆಯ ತೋಟಕ್ಕೂ ನಡುವೆ ಒಂದು ಬದು ಮಾತ್ರ ಇದ್ದಲ್ಲಿ, ಸಿಂಪಡಿಸಿದ ವಿಷವು ಗಾಳಿಯಿಂದ ಸೊಪ್ಪಿನ ಮೇಲೆ ಬಿದ್ದು, ಆ ಸೊಪ್ಪನ್ನು ತಿಂದ ರೇಷ್ಮೆಹುಳುಗಳು ತಟ್ಟೆತಟ್ಟೆಯಾಗಿ ಸಾಯುವ ಸಂಭವವಿದೆ. ಒಬ್ಬನ ನೂರು ಸಸಿಗಳಿಗಾಗಿ ನೆರೆಯವನ ಇಡೀ ಬೆಳೆಯು ಹಾಳಾಗುವುದು ನ್ಯಾಯವಲ್ಲ. ಸಿಂಪಡಣೆ ಅನಿವಾರ್ಯವೆನಿಸಿದರೆ ಹಿಂದಿನ ದಿನವೇ ನೆರೆಯವರಿಗೆ ತಿಳಿಸಿ, ಅವರು ಬೇಕಾದ ಸೊಪ್ಪನ್ನು ಕೊಯ್ದುಕೊಂಡ ಬಳಿಕ, ಗಾಳಿಯಿಲ್ಲದ ಹೊತ್ತಿನಲ್ಲಿ ಮಾಡತಕ್ಕದ್ದು. ಬದುವಿನಂಚಿನ ಸಾಲುಗಳನ್ನು ಬಿಟ್ಟುಬಿಡುವುದೇ ಲೇಸು. ಅಲ್ಲಿ ಗೋಣಿಯ ಸುರುಳಿಗಳೇ ಸಾಕು.